ಮಾತು ಬಾರದೆಂದು ಕನ್ನಡಿಗನ ಅನ್ನ ಕಸಿಯಬೇಡಿ!

ಕನ್ನಡಿಗರಿಗೆ ಕೆಲಸ ಕೊಡಿ ಎಂದು ಬೀದಿಗಿಳಿದವರು ನಾವು. ಸರೋಜಿನಿ ಮಹಿಷಿ ವರದಿ 1986ರಲ್ಲೇ ಸರ್ಕಾರದ ಕೈಸೇರಿತು. ಅದರ ಪೂರ್ಣ ಜಾರಿಗಾಗಿ ಇಂದಿಗೂ ಗಂಟಲು ಹರಿದುಕೊಳ್ಳುತ್ತಿದ್ದೇವೆ. ಸರಿಯೇ. ಆದರೆ ಗೆಳೆಯರೇ, ಆ ಕೆಲಸ ಯಾವ ಕನ್ನಡಿಗನಿಗೆ? ಪಟಪಟನೆ ಮಾತಾಡುವವನಿಗೆ ಮಾತ್ರವೇ? ಆಟಿಸಂ ಇರುವ ಕನ್ನಡಿಗ ನಿಮ್ಮ ಲೆಕ್ಕದಲ್ಲಿದ್ದಾನೆಯೇ?

ಆಟಿಸಂ ಹುಚ್ಚಲ್ಲ, ಅಂಟುರೋಗವಲ್ಲ, ತಾಯಿ ಸಾಕಿದ ರೀತಿಯ ತಪ್ಪೂ ಅಲ್ಲ. ಹುಟ್ಟಿನಿಂದಲೇ ಮಿದುಳು ಬೇರೆ ರೀತಿಯಲ್ಲಿ ಬೆಳೆದಿರುತ್ತದೆ, ಅಷ್ಟೇ. ಒಬ್ಬನಿಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಕಷ್ಟ. ಇನ್ನೊಬ್ಬಳಿಗೆ ಕಚೇರಿಯ ಗದ್ದಲ ತಲೆ ಸೀಳಿದಂತೆ. ಮತ್ತೊಬ್ಬರಿಗೆ ದಿನದ ಕ್ರಮ ಏಕಾಏಕಿ ಬದಲಾದರೆ ಸಂಕಟ. ಒಬ್ಬರಂತೆ ಇನ್ನೊಬ್ಬರಿಲ್ಲ.

ನಮ್ಮ ಗುಳೇದಗುಡ್ಡವನ್ನೇ ನೋಡಿ. ಕುಬಸದ ಖಣಕ್ಕೆ ಹೆಸರಾದ ಊರು. ಬಣ್ಣ ಹಾಕುವವರು, ಹಾಸು ಹೂಡುವವರು, ಕಂಡಿಕೆ ಸುತ್ತುವವರು, ಲಾಳಿ ಆಡಿಸುವವರು, ಹೀಗೆ ಹತ್ತು ಕೈ ಸೇರಿದರೆ ಒಂದು ಖಣ. 'ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳು' ಎಂದು ಕೇಳಿ ಯಾರೂ ಅಲ್ಲಿ ಲಾಳಿ ಕೊಡುವುದಿಲ್ಲ. ನೇಯ್ದು ತೋರಿಸು ಎನ್ನುತ್ತಾರೆ. ಬಟ್ಟೆಯೇ ಪರೀಕ್ಷೆ! ಮಗ್ಗ ಸ್ವರ್ಗವೆಂದು ಹೇಳುತ್ತಿಲ್ಲ. ಕೂಲಿ ಸಾಲದು, ಮಗ್ಗದ ಸದ್ದೇ ಕೆಲವರಿಗೆ ಹಿಂಸೆ. ಆದರೆ ಕೆಲಸ ನೋಡಿ ಕೆಲಸ ಕೊಡುವ ಆ ಪದ್ಧತಿ ನ್ಯಾಯದ್ದು. ನೇಕಾರರ ಮಕ್ಕಳು ಇಂದು ನೌಕರಿ ಹುಡುಕಿ ಬಾಗಲಕೋಟೆ, ಹುಬ್ಬಳ್ಳಿ, ಬೆಂಗಳೂರು ಸೇರುತ್ತಿದ್ದಾರೆ. ಅಲ್ಲಿ ಬಾಗಿಲಲ್ಲೇ ತಡೆಯುವುದು ಸಂದರ್ಶನವೆಂಬ ಮಾತಿನ ಪರೀಕ್ಷೆ.

ಕಾನೂನಿಲ್ಲವೇ? ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಕಾಯ್ದೆ ಅದನ್ನು 21 ಅಂಗವೈಕಲ್ಯಗಳಲ್ಲಿ ಸೇರಿಸಿತು. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲು. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಇರುವ ಎಲ್ಲರಿಗೂ ಸೇರಿ! ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು. ಎಷ್ಟು ಕಂಪನಿಗಳು ಅದನ್ನು ಕನ್ನಡದಲ್ಲಿ ಗೋಡೆಗೆ ಹಚ್ಚಿವೆ? ಹೋಗಿ ಕೇಳಿ.

ಆಗದ ಕೆಲಸವೇನಲ್ಲ. ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ತೆಗೆದುಕೊಂಡಿತು. 2013ರಲ್ಲಿ ಆ ಜರ್ಮನ್ ಕಂಪನಿ ಇದನ್ನು ಜಗತ್ತಿನ ತನ್ನ ಇತರ ಕಚೇರಿಗಳಿಗೂ ಹಬ್ಬಿಸುವುದಾಗಿ ಸಾರಿತು. ಹೊರಗಿನ ಕಂಪನಿಗೆ ಕಂಡದ್ದು ನಮ್ಮವರಿಗೇಕೆ ಕಾಣುವುದಿಲ್ಲ?

ನಾವು ಕೇಳಬೇಕಾದದ್ದು ಇಷ್ಟೇ: ಸಂದರ್ಶನದ ಪ್ರಶ್ನೆಗಳನ್ನು ಮುಂಚೆಯೇ ಕನ್ನಡದಲ್ಲಿ ಬರೆದು ಕೊಡಲಿ. ಮಾತಿನ ಬದಲು ಕೆಲಸ ಮಾಡಿಸಿ ನೋಡಲಿ. ಸೂಚನೆಗಳು ಬರಹದಲ್ಲಿ, ಸ್ಪಷ್ಟವಾಗಿರಲಿ. ಕೂರಲು ಗದ್ದಲವಿಲ್ಲದ ಮೂಲೆ ಸಿಗಲಿ. ಪಾಳಿ ಬದಲಾದರೆ ಮೊದಲೇ ತಿಳಿಸಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ, ಮನಸ್ಸು ಬೇಕು.

ಇಂಗ್ಲಿಷ್ ಬಾರದೆಂದು ಕನ್ನಡಿಗನನ್ನು ಹೊರದಬ್ಬುವುದು ಅನ್ಯಾಯವಾದರೆ, ಕಣ್ಣು ಕೊಟ್ಟು ಮಾತಾಡಲಿಲ್ಲವೆಂದು ಹೊರದಬ್ಬುವುದೂ ಅನ್ಯಾಯವೇ. ಎರಡೂ ಕಡೆ ಸೋತದ್ದು ಕೆಲಸವಲ್ಲ, ಮಾತು. ಇನ್ನು ಮುಂದೆ ಮನವಿ ಪತ್ರ ಹಿಡಿದು ಹೊರಡುವಾಗ ಈ ಬೇಡಿಕೆಯೂ ಅದರಲ್ಲಿರಲಿ. ಮೊದಲು ನಮ್ಮ ಸಂಘಟನೆಗಳ ಕಚೇರಿಗಳಲ್ಲೇ ಅದು ಜಾರಿಯಾಗಲಿ!