ಗಸ್ತಿನ ಪೇದೆಯ ಕೈಗೆ ಯಾವ ಬಂದೂಕು?

ಗಸ್ತು ತಿರುಗುವ ಪೋಲೀಸರಿಗೆ ಪಿಸ್ತೂಲಿನ ಗುಂಡು ಹಾರಿಸುವ ಕಾರ್ಬೈನ್ ಕೊಡತಕ್ಕದ್ದೋ, ಯುದ್ಧದ ಗುಂಡು ಹಾರಿಸುವ ರೈಫಲ್ ಕೊಡತಕ್ಕದ್ದೋ ಎಂಬ ಪ್ರಶ್ನೆ ಇಲಾಖೆಯ ದೊಡ್ಡ ಅಧಿಕಾರಿಗಳಿಗೆ ಸೇರಿದ್ದು, ಅದರಲ್ಲಿ ಸಾಮಾನ್ಯ ಜನ ತಲೆಹಾಕಬಾರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಾವು ಇದನ್ನು ಒಪ್ಪುವುದಿಲ್ಲ. ಬಂದೂಕು ಕೊಳ್ಳುವ ಹಣ ಜನರದ್ದು. ಅದರ ಗುಂಡು ತಗುಲುವ ಎದೆಯೂ ಬಹುಮಟ್ಟಿಗೆ ಜನರದ್ದೇ. ಅದನ್ನು ಹೊತ್ತು ರಾತ್ರಿಯಿಡೀ ನಿಲ್ಲುವ ಪೇದೆಯೂ ಯಾವನೋ ಎರಡೆಕರೆ ರೈತನ ಮಗನೇ. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ಅಗತ್ಯವೆಂದು ಭಾವಿಸಿದ್ದೇವೆ.

ಮೊದಲು ವಸ್ತುಸ್ಥಿತಿ ತಿಳಿಯೋಣ. ನಮ್ಮ ದೇಶದ ಪೋಲೀಸರು ಬಹುಕಾಲ ಬಳಸಿದ ಕಾರ್ಬೈನು ಬ್ರಿಟಿಷರ ಸ್ಟರ್ಲಿಂಗ್ ಮಾದರಿಯದು, ಕಾನ್ಪುರದಲ್ಲಿ ತಯಾರಾದದ್ದು. ಅದರ 9 ಮಿಲಿಮೀಟರ್ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ನೂರು ಗಜದೊಳಗೆ ಅದು ಕೆಲಸಕ್ಕೆ ಬರುವ ಆಯುಧ. ಅದರಾಚೆಗೆ ಗುರಿ ನೆಚ್ಚುವಂತಿಲ್ಲ. 7.62 ಮಿಲಿಮೀಟರಿನ ಎಸ್.ಎಲ್.ಆರ್. ರೈಫಲಿನ ಗುಂಡಾದರೋ ಸೆಕೆಂಡಿಗೆ ಸುಮಾರು 840 ಮೀಟರ್ ಓಡುತ್ತದೆ, ಕಾರ್ಬೈನಿನ ಗುಂಡಿನ ಐದು ಪಟ್ಟಿಗೂ ಮಿಗಿಲಾದ ಶಕ್ತಿಯಿಂದ ಬಡಿಯುತ್ತದೆ. ಒಬ್ಬನ ಮೈ ತೂರಿ ಹಿಂದಿನವನನ್ನೂ ಕೆಡವಬಲ್ಲುದು. ಗುರಿ ತಪ್ಪಿದರೆ ಮೈಲಿಯಾಚೆ ಹೊಲದಲ್ಲಿ ಕಳೆ ಕೀಳುವವಳಿಗೂ ಅದು ಅಪಾಯವೇ. ತ್ರೀ-ನಾಟ್-ತ್ರೀಯ ಗುಂಡೂ ಶಕ್ತಿಯಲ್ಲಿ ಇದರ ಸರಿಸಮಾನ.

ಬ್ರಿಟಿಷರಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. 1857ರ ದಂಗೆಯ ಬಳಿಕ ದೇಶೀ ಸಿಪಾಯಿಗೆ ಅವರು ಗೀರುಗಳಿಲ್ಲದ ನುಣುಪು ನಳಿಗೆಯ ಬಂದೂಕು ಕೊಟ್ಟರು, ಗೋರಾ ಸಿಪಾಯಿಯಷ್ಟು ದೂರ ಇವನು ಗುರಿ ಹೊಡೆಯಬಾರದೆಂದು. ಮುಂದೆ ಪೋಲೀಸರಿಗೆಂದೇ ಲೀ-ಎನ್‌ಫೀಲ್ಡ್ ರೈಫಲನ್ನು ಬದಲಾಯಿಸಿ 410 ಮಸ್ಕೆಟ್ ಮಾಡಿಸಿದರು. ಒಂದು ಸಲಕ್ಕೆ ಒಂದೇ ತೋಟೆ. ಮ್ಯಾಗಜೀನ್ ಇರಬೇಕಾದ ಜಾಗದಲ್ಲಿ ಮರದ ತುಂಡು! ಪ್ರಜೆಗಿಂತ ಹೆಚ್ಚಾಗಿ ತನ್ನ ಪೇದೆಗೇ ಹೆದರುವ ಸರ್ಕಾರದ ಚಿತ್ರ ಆ ಮರದ ತುಂಡಿನಲ್ಲಿದೆ. ಅವರು ಹೋದರು, ಅವರ ತ್ರೀ-ನಾಟ್-ತ್ರೀ ಮಾತ್ರ ಉಳಿಯಿತು. ಉತ್ತರ ಪ್ರದೇಶದ ಪೋಲೀಸರು ಅದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ.

ರೈಫಲ್ ಬೇಕೆನ್ನುವವರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. 1997ರ ಫೆಬ್ರವರಿ 28ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಉತ್ತರ ಹಾಲಿವುಡ್ಡಿನಲ್ಲಿ ಇಬ್ಬರು ಬ್ಯಾಂಕ್ ದರೋಡೆಕಾರರು ಗುಂಡುನಿರೋಧಕ ಕವಚ ತೊಟ್ಟು ಸ್ವಯಂಚಾಲಿತ ರೈಫಲುಗಳಿಂದ ಬೀದಿಯನ್ನೇ ಜಾಲಾಡಿದರು. ಗಸ್ತಿನ ಪೋಲೀಸರ ಪಿಸ್ತೂಲಿನ ಗುಂಡುಗಳು ಆ ಕವಚಕ್ಕೆ ತಾಕಿ ನಿಂತುಬಿಟ್ಟವು. ಕೊನೆಗೆ ಪೋಲೀಸರು ಹತ್ತಿರದ ಬಂದೂಕಿನ ಅಂಗಡಿಗೆ ಓಡಿ ರೈಫಲುಗಳನ್ನು ಕೇಳಿ ತಂದರು. ಅಲ್ಲಿಂದಾಚೆಗೆ ಆ ದೇಶದ ಗಸ್ತಿನ ಕಾರುಗಳಲ್ಲಿ ರೈಫಲ್ ಕಾಣಿಸಿಕೊಳ್ಳುವುದು ಹೆಚ್ಚಾಯಿತು. ನಮ್ಮಲ್ಲಿ 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ನಿಲ್ದಾಣದಲ್ಲಿ ಎ.ಕೆ. ರೈಫಲ್ ಹಿಡಿದ ಇಬ್ಬರ ಎದುರು ಪೋಲೀಸರ ಕೈಯಲ್ಲಿದ್ದದ್ದು ಲಾಠಿ ಮತ್ತು ಹಳೆಯ ತ್ರೀ-ನಾಟ್-ತ್ರೀ. ಗಿರಗಾಂವ್ ಚೌಪಾಟಿಯಲ್ಲಿ ಅಸಿಸ್ಟೆಂಟ್ ಸಬ್ ಇನ್ಸ್‌ಪೆಕ್ಟರ್ ತುಕಾರಾಮ್ ಓಂಬಳೆಯವರು ಲಾಠಿ ಮಾತ್ರವಿದ್ದವರು, ಕಸಬನ ರೈಫಲಿನ ನಳಿಗೆಯನ್ನೇ ಹಿಡಿದು ಗುಂಡುಗಳನ್ನು ತಮ್ಮ ಮೈಯಲ್ಲಿ ನಿಲ್ಲಿಸಿಕೊಂಡರು. ಆತ ಜೀವಸಹಿತ ಸಿಕ್ಕಿಬಿದ್ದದ್ದು ಅವರ ಪ್ರಾಣದ ಬೆಲೆಗೆ. ಅಂಥವರನ್ನು ಬರಿಗೈಯಲ್ಲಿ ಕಳುಹಿಸಿದ ವ್ಯವಸ್ಥೆ ಆಮೇಲೆ ಅಶೋಕ ಚಕ್ರ ಕೊಟ್ಟು ಕೈತೊಳೆದುಕೊಂಡಿತು.

ಆದರೆ ಆ ರಾತ್ರಿಯಿಂದ ನಾವು ಕಲಿಯಬೇಕಾದ್ದು ಏನು? ತ್ರೀ-ನಾಟ್-ತ್ರೀಯೂ ರೈಫಲ್ಲೇ, ಎ.ಕೆ.ಯ ಗುಂಡಿಗಿಂತ ಅದರ ಗುಂಡಿಗೆ ಶಕ್ತಿ ಹೆಚ್ಚು. ಕೊರತೆ ಇದ್ದದ್ದು ಅದನ್ನು ಬಳಸುವ ಕೈಯ ಅಭ್ಯಾಸದಲ್ಲಿ. ಬಂದೂಕನ್ನು ಭುಜಕ್ಕೇರಿಸಿ ನಿಲ್ಲುವುದು ಬೇರೆ, ಓಡುವ ಜನರ ನಡುವೆ ಕೊಲೆಗಡುಕನೊಬ್ಬನನ್ನೇ ಆಯ್ದು ಹೊಡೆಯುವುದು ಬೇರೆ. ಗುಂಡು ದುಬಾರಿ, ಚಾಂದಮಾರಿಯ ಬಯಲು ದೂರ, ಪೇದೆಗೆ ಬಿಡುವಿಲ್ಲ. ಬಂದೋಬಸ್ತು, ಮಂತ್ರಿಗಳ ಸವಾರಿ, ಜಾತ್ರೆ, ಚುನಾವಣೆ, ಎಲ್ಲವೂ ಮುಗಿದ ಮೇಲೆ ಸಾಹೇಬರ ಮನೆಯ ಚಾಕರಿ. ನಮ್ಮ ರಾಜ್ಯದ ಪೇದೆಗಳು ಸಂಬಳ, ರಜೆ, ಕಿರುಕುಳಗಳ ವಿಷಯವಾಗಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟದ್ದನ್ನು ಜನ ಮರೆತಿರಲಾರರು. ಆಗ ಸರ್ಕಾರವು ಅವರನ್ನು ಬೆದರಿಸಲು ತೋರಿದ ಚುರುಕನ್ನು ತರಬೇತಿಯಲ್ಲಿ ತೋರಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿ ತಿದ್ದಬೇಕು. ಕಾರ್ಬೈನ್ ಎಂದರೆ ಸೌಮ್ಯ, ರೈಫಲ್ ಎಂದರೆ ಕ್ರೂರ ಎಂದು ನಮ್ಮ ಕೆಲವು ಮಿತ್ರರು ಸುಲಭವಾಗಿ ಹೇಳಿಬಿಡುತ್ತಾರೆ. ಅದು ಹಾಗಿಲ್ಲ. ಸಿಡಿದು ಚೂರಾಗುವಂತೆ ಮಾಡಿದ ಹಗುರ 5.56 ಮಿಲಿಮೀಟರ್ ಗುಂಡುಗಳು ಮನೆಯೊಳಗಿನ ತೆಳು ಗೋಡೆಗಳನ್ನು ತೂರುವುದರಲ್ಲಿ 9 ಮಿಲಿಮೀಟರ್ ಗುಂಡಿಗಿಂತ ಹಿಂದೆ ಬೀಳುತ್ತವೆಂದು ಅಮೆರಿಕದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಸೈನ್ಯಕ್ಕೆಂದು ತಯಾರಾದ ಗಟ್ಟಿ ಕವಚದ ಗುಂಡುಗಳಿಗೆ ಈ ಮಾತು ಹೊಂದುವುದಿಲ್ಲ. ಅಲ್ಲಿಯ ಮಾತನ್ನು ಇಲ್ಲಿಗೆ ತಂದು, ರೈಫಲ್ಲೇ ಬೀದಿಗೆ ಕ್ಷೇಮ ಎನ್ನುವವರು ಗುಂಡು ಯಾವುದೆಂದು ಹೇಳದೆ ಬಂದೂಕನ್ನು ಮಾತ್ರ ಹೇಳುತ್ತಾರೆ. ಇತ್ತ ಸ್ಟರ್ಲಿಂಗ್ ಕಾರ್ಬೈನಿನಲ್ಲೂ ದೋಷವಿದೆ. ಕುದುರೆ ಒತ್ತಿ ಹಿಡಿದರೆ ನಿಮಿಷಕ್ಕೆ ಐನೂರಕ್ಕೂ ಮಿಗಿಲಾದ ವೇಗದಲ್ಲಿ ಗುಂಡು ಸುರಿಯುತ್ತದೆ. ಅಭ್ಯಾಸವಿಲ್ಲದವನ ಕೈಯಲ್ಲಿ ಅದು ಸಂತೆಯಲ್ಲಿ ಬಿಚ್ಚಿದ ಗೂಳಿ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮನಸ್ಸನ್ನು ಕೊರೆಯುವ ಪ್ರಶ್ನೆ ಬೇರೆಯೇ ಇದೆ. ಉಗ್ರಗಾಮಿ ಬರುತ್ತಾನೆಂದು ಕೊಂಡ ರೈಫಲು, ಅವನು ಬಾರದ ದಿನಗಳಲ್ಲಿ ಯಾರ ಕಡೆಗೆ ತಿರುಗುತ್ತದೆ? 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಡಯರನ ಸಿಪಾಯಿಗಳು ಹಾರಿಸಿದ 1650 ಗುಂಡುಗಳು ತ್ರೀ-ನಾಟ್-ತ್ರೀಯವು. ಸರ್ಕಾರ ಒಪ್ಪಿಕೊಂಡ ಸಾವುಗಳೇ 379. ಅದು ಪರಕೀಯರ ಕಾಲವೆನ್ನೋಣ. 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲೀಬಾರು ಮಾಡಿದ್ದು ಯಾರ ಸರ್ಕಾರ? 2008ರ ಜೂನಿನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತನಿಗೆ ಗುಂಡು ಕೊಟ್ಟದ್ದು ಯಾರು? ತಮಿಳುನಾಡಿನ ತೂತ್ತುಕುಡಿಯಲ್ಲಿ 2018ರ ಮೇ ತಿಂಗಳಲ್ಲಿ ತಾಮ್ರದ ಕಾರ್ಖಾನೆಯ ವಿರುದ್ಧ ಮೆರವಣಿಗೆ ಹೊರಟವರಲ್ಲಿ 13 ಮಂದಿ ಪೋಲೀಸರ ಗುಂಡಿಗೆ ಬಲಿಯಾದರು. ವ್ಯಾನಿನ ನೆತ್ತಿಯ ಮೇಲೇರಿ ರೈಫಲಿನಿಂದ ಗುರಿ ಹಿಡಿದ ಪೋಲೀಸನ ಚಿತ್ರವನ್ನು ದೇಶವೆಲ್ಲ ನೋಡಿತು. ಮರೆಯಲ್ಲಿ ನಿಂತು, ದೂರದಿಂದ, ಓಡಿಹೋಗುತ್ತಿದ್ದವರ ಮೇಲೆ ಗುಂಡು ಹಾರಿಸಲಾಯಿತೆಂದು ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ ವರದಿ ಮಾಡಿತು. ಕೈಯಲ್ಲಿ ದೂರ ಹೊಡೆಯುವ ಆಯುಧವಿಲ್ಲದಿದ್ದರೆ ಈ ದೂರದ ಕೊಲೆಯೂ ಸಾಧ್ಯವಿರಲಿಲ್ಲ.

ಈ ವಿಷಯದಲ್ಲಿ ಸಮಾಜವಾದಿಗಳಾದ ನಮಗೆ ಒಂದು ಪರಂಪರೆಯಿದೆ. 1954ರ ಆಗಸ್ಟಿನಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಟ್ಟಂ ತಾಣು ಪಿಳ್ಳೆಯವರ ಮಂತ್ರಿಮಂಡಲದ ಪೋಲೀಸರು ಗೋಲೀಬಾರು ಮಾಡಿದಾಗ, ಅದು ತಮ್ಮದೇ ಪ್ರಜಾ ಸಮಾಜವಾದಿ ಪಕ್ಷದ ಸರ್ಕಾರವಾಗಿದ್ದರೂ ರಾಜೀನಾಮೆ ಕೊಡತಕ್ಕದ್ದೆಂದು ಪಕ್ಷದ ಪ್ರಧಾನ ಕಾರ್ಯದರ್ಶಿ ಡಾ. ಲೋಹಿಯಾ ಜೈಲಿನಿಂದಲೇ ಆಗ್ರಹಪಡಿಸಿದರು. ಸರ್ಕಾರ ಇಳಿಯಲಿಲ್ಲ, ಲೋಹಿಯಾರೇ ತಮ್ಮ ಸ್ಥಾನ ಬಿಟ್ಟರು. ಅಧಿಕಾರ ಸಿಕ್ಕೊಡನೆ ಗೋಲೀಬಾರಿಗೆ ಹೊಸ ಹೊಸ ಸಮರ್ಥನೆ ಹುಡುಕುವ ಇಂದಿನ ಎಲ್ಲ ಪಕ್ಷಗಳವರೂ, ನಮ್ಮ ಹಳೆಯ ಸಂಗಾತಿಗಳನ್ನೂ ಸೇರಿಸಿಯೇ ಹೇಳುತ್ತೇವೆ, ಇದನ್ನು ಓದಬೇಕು.

ಹಾಗಾದರೆ ಗಸ್ತಿನ ಪೇದೆಗೆ ಏನು ಕೊಡೋಣ? ಜಿಲ್ಲೆಯ ಊರುಗಳಲ್ಲಿ ರಾತ್ರಿ ಗಸ್ತು ಎದುರಿಸುವುದು ಕಳ್ಳರನ್ನು, ಕುಡುಕರನ್ನು, ಬೇಲಿಯ ಜಗಳಗಳನ್ನು, ಮಗುಚಿದ ಲಾರಿಗಳನ್ನು. ಇದಕ್ಕೆ ಲಾಠಿ, ದೀಪ, ಊರಿನ ಪರಿಚಯ ಸಾಕು. ಅಪರೂಪಕ್ಕೆ ಆಯುಧ ಬೇಕಾದೀತೆಂದು ಜೀಪಿನಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗೆ ಕಾರ್ಬೈನ್ ಇರಲಿ. ಆದರೆ ಒಂದು ಸಲಕ್ಕೆ ಒಂದೇ ಗುಂಡು ಹಾರುವಂಥದು. ಲಂಡನ್ನಿನಲ್ಲಿ 1991ರಲ್ಲಿ ಸಶಸ್ತ್ರ ಕಾರುಗಳ ಗಸ್ತು ಆರಂಭಿಸಿದಾಗ ಅನುಸರಿಸಿದ ಕ್ರಮ ಇಂಥದ್ದೇ. ಅಲ್ಲಿಯ ಸಾಮಾನ್ಯ ಪೇದೆ ಇಂದಿಗೂ ಬಂದೂಕಿಲ್ಲದೆ ತಿರುಗುತ್ತಾನೆ. ರೈಫಲ್ ಬೇಡವೇ ಬೇಡವೆಂದು ನಾವು ಹೇಳುವುದಿಲ್ಲ. ಜಿಲ್ಲಾ ಕೇಂದ್ರದಿಂದ ಮಲೆನಾಡಿನ ಕೊನೆಯ ಹಳ್ಳಿಗೆ ನೆರವು ಬರುವಷ್ಟರಲ್ಲಿ ಬೆಳಗಾದೀತು. ಆದುದರಿಂದ ಪ್ರತಿ ತಾಲ್ಲೂಕಿನ ಶಸ್ತ್ರಾಗಾರದಲ್ಲೂ ಕೆಲವು ರೈಫಲುಗಳು, ಅವನ್ನು ಮುಟ್ಟಲು ಅರ್ಹರಾದ ನುರಿತ ಪೇದೆಗಳ ಹೆಸರುಪಟ್ಟಿ, ಅವನ್ನು ಹೊರತೆಗೆದ ಪ್ರತಿಸಲದ ದಾಖಲೆ ಇರಲಿ. ಮೆರವಣಿಗೆ, ಮುಷ್ಕರ, ಸತ್ಯಾಗ್ರಹಗಳ ಬಂದೋಬಸ್ತಿಗೆ ಮಾತ್ರ ಆ ರೈಫಲು ಆಗಲಿ ಕಾರ್ಬೈನ್ ಆಗಲಿ ಬರಕೂಡದು.

ಶಾಸನಸಭೆಯಲ್ಲಿ ನಮ್ಮ ಜಿಲ್ಲೆಯ ಸದಸ್ಯರು ಗೃಹಮಂತ್ರಿಗಳಿಗೆ ಬಂದೂಕು ಎಷ್ಟು ಕೊಂಡಿರಿ ಎಂದು ಕೇಳುವುದರ ಜೊತೆಗೆ ಇನ್ನೊಂದನ್ನೂ ಕೇಳಲಿ: ಈ ಜಿಲ್ಲೆಯ ಒಬ್ಬೊಬ್ಬ ಪೇದೆಯೂ ಕಳೆದ ವರ್ಷ ಚಾಂದಮಾರಿಯಲ್ಲಿ ಎಷ್ಟು ಗುಂಡು ಹಾರಿಸಿದ, ಅದರಲ್ಲಿ ಎಷ್ಟು ಗುರಿ ಮುಟ್ಟಿತು? ಠಾಣೆವಾರು ಉತ್ತರ ಬಂದರೆ ಅದನ್ನು ಈ ಪತ್ರಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸುತ್ತೇವೆ.