ಹಂದಿಗೆ ನೀತಿ ಸಂಹಿತೆ ಗೊತ್ತಿಲ್ರಿ

ಮೊನ್ನೆ ಕಟ್ಟಿಮ್ಯಾಲ ಒಬ್ಬರು, "ಬಂದೂಕಿನ ಕಾಯ್ದೆ ಸಡಿಲ ಮಾಡ್ರಿ ಅಂತ ಎಂಎಲ್‌ಎಗೆ ಮನವಿ ಕೊಡೂಣು" ಅಂದ್ರು. ಆದ್ರ ಈ ಕಾಯ್ದೆ ಬೆಂಗಳೂರಿನ ಕೈಯಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಕೇಂದ್ರದ್ದು, ಲೈಸನ್ಸ್ ಕೊಡೋರು ಜಿಲ್ಲಾಧಿಕಾರಿ. ಬೆಳೆ ಕಾಯಾಕ ಮದ್ದು ತುಂಬುವ ಬಂದೂಕಿಗೆ ಲೈಸನ್ಸ್ ಕೊಡಬೇಕು ಅಂತ ಅದರ 13ನೇ ಕಲಮಿನಾಗ ಮೊದಲಿಂದ ಐತಿ. ನನ್ನ ತಕರಾರು ಬ್ಯಾರೆ: ಇದ್ದ ಬಂದೂಕು ಬೇಕಾದಾಗ ಮನ್ಯಾಗ ಇರಂಗಿಲ್ಲ.

2024ರ ಲೋಕಸಭಾ ಚುನಾವಣೆ ನೆನಪು ಮಾಡ್ಕೋರಿ. ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ನಮ್ಮ ಬಾಗಲಕೋಟೆ ಮತದಾನ ಮೇ 7, ಎಣಿಕೆ ಜೂನ್ 4. ಅಪ್ಪನ ಕಾಲದ ಬಂದೂಕು ಠಾಣೆಗೆ ಒಪ್ಪಿಸಿ ಚೀಟಿ ತಗೊಂಡು ಬಂದೆ. ಬೋರಿನ ನೀರಿನ ಬೇಸಿಗಿ ಶೇಂಗಾ ಆಗ ಕಾಯಿ ಕಟ್ಟಿತ್ತು. ಹಂದಿ ಹಿಂಡು ರಾತ್ರಿ ಬಂದು, ನೇಗಿಲು ಹೊಡದಂಗ ಸಾಲಿಗೆ ಸಾಲು ಕೆದರಿ ಹೋದುವು. ಡಬ್ಬಿ ಬಡದೆ, ಪಟಾಕಿ ಹಾರಿಸಿದೆ. ನಾಕು ದಿನ ಅಂಜಿದುವು. ಐದನೇ ದಿನ ತಲಿ ಎತ್ತಿ ನೋಡಿ ಮತ್ತ ತಿನ್ನಾಕ ಹತ್ತಿದುವು. ಅರ್ಧ ಎಕರೆ ಹೋತು.

ಇಲೆಕ್ಷನ್‌ದಾಗ ಬಂದೂಕು ಹೊರಗಿರಬಾರದು ಅನ್ನೂದು ಸುಳ್ಳಲ್ಲ. ಪಂಚಾಯ್ತಿ ಚುನಾವಣೆ ಬಂದ್ರ ಅಣ್ಣತಮ್ಮರ ಬಡದಾಡೂದು ನೋಡೇವಿ. ಆದ್ರ ಚುನಾವಣಾ ಆಯೋಗದ ಸೂಚನೆ ಎಲ್ಲಾರದೂ ಕಸಗೋರಿ ಅಂತ ಇಲ್ಲ. ಜಿಲ್ಲಾ ಪರಿಶೀಲನಾ ಸಮಿತಿ ಲೈಸನ್ಸ್‌ಗಳನ್ನು ನೋಡಿ, ಜಾಮೀನಿನ ಮ್ಯಾಲೆ ಇದ್ದವರು, ಹಿಂದೆ ಕೇಸು-ಗಲಾಟೆ ಇದ್ದವರು ಯಾರು ಅಂತ ತೂಗಬೇಕು. ಹೊಲದಾಗ ಅಟ್ಟಣಿಗಿ ಮ್ಯಾಲ ಮಲಗೋ ರೈತನ್ನ ಅವರ ಸಾಲಿನ್ಯಾಗ ಯಾಕ ನಿಲ್ಲಸಬೇಕ್ರಿ? ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸನ್ಸ್‌ನಿಂದ 2029ರ ತನಕ ವಿನಾಯ್ತಿ ಐತಿ. ಅಷ್ಟು ನಾವು ಕೇಳಾಂಗಿಲ್ಲ. 1857ರಾಗ ಆಯುಧ ಒಪ್ಪಸ್ರಿ ಅಂದಾಗ ಮುಧೋಳ ಸೀಮಿ ಹಲಗಲಿ ಬ್ಯಾಡರು ಒಪ್ಪದ ಗಲ್ಲಿಗೇರಿದ ಜಿಲ್ಲಾ ನಮ್ಮದು. ನಾವು ಬಂಡಾಯ ಏಳೂದಿಲ್ಲ, ಅರ್ಜಿ ಕೊಡತೀವಿ.

ಇನ್ನೊಂದು ಕಹಿ ಮಾತು. ಬಂದೂಕು ಇದ್ರ ಹಂದಿ ಹೊಡೀಬಹುದು ಅಂತ ತಿಳಕೋಬ್ಯಾಡ್ರಿ. ಹಂದಿ ವನ್ಯಜೀವಿ ಕಾಯ್ದೆಯ 2ನೇ ಪಟ್ಟಿಯೊಳಗೈತಿ, ಬೆಳೆ ಹಾಳ ಮಾಡಿದ್ರೂ ಅರಣ್ಯ ಇಲಾಖೆ ಲಿಖಿತ ಅನುಮತಿ ಬೇಕು. ಚಿಗರಿ, ನವಿಲು 1ನೇ ಪಟ್ಟಿ. ಅವುಗಳ ಕಡೆ ನಳಿಗಿ ಸೈತ ತಿರಗಸಬ್ಯಾಡ್ರಿ. ನಮಗ ಬೇಕಾಗಿದ್ದು ಆ ಢಮ್ ಸಪ್ಪಳ ಅಷ್ಟ.

ಮುಂದಿನ ಇಲೆಕ್ಷನ್ ಘೋಷಣೆ ಆಗೂದಕ್ಕ ಮೊದಲ, ಉತಾರ, ಲೈಸನ್ಸ್ ನಕಲು, ಹಾಳಾದ ಬೆಳೆ ಫೋಟೋ ಹಚ್ಚಿ ಜಿಲ್ಲಾಧಿಕಾರಿಗೆ ಕೊಟ್ಟು ಸ್ವೀಕೃತಿ ತಗೋರಿ. ನಾ ಬರದ ಅರ್ಜಿ ಬೇಕಾದ್ರ ಸಂಜಿಕ ಹೊಲಕ್ಕ ಬರ್ರಿ, ಕೊಡತೀನಿ.