ಮನಸ್ಸಿನ ಬೇನೆಗೂ ಊರ ದವಾಖಾನೆಯೇ ಬೇಕು

ಕಾಲು ಮುರಿದವನನ್ನು ದವಾಖಾನೆಗೆ ಒಯ್ಯುತ್ತೇವೆ. ಮನಸ್ಸಿನ ಬೇನೆಯವನನ್ನು ಗುಡಿಗೆ, ದರ್ಗಾಕ್ಕೆ ಒಯ್ಯುತ್ತೇವೆ. ಇಲ್ಲವೆ ಕೋಣೆಯಲ್ಲಿ ಕೂಡಿಹಾಕುತ್ತೇವೆ. ಹಳ್ಳಿಯ ಜನ ಮೂಢರೆಂದು ಪಟ್ಟಣದ ಪಂಡಿತರು ನಗುತ್ತಾರೆ. ನಾವು ಕೇಳುತ್ತೇವೆ: ಗುಡಿ ಊರಲ್ಲಿದೆ, ಮನೋವೈದ್ಯರು ಎಲ್ಲಿ?

ಟಿಕೋಟಾ, ಬಬಲೇಶ್ವರದ ಕೂಲಿಕಾರ ತನ್ನವರನ್ನು ವಿಜಯಪುರಕ್ಕೆ ಕರೆತಂದರೆ ಅಂದಿನ ಕೂಲಿ ಹೋಯಿತು. ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗೆಂದರೆ ಸಾಲವೇ ಗತಿ. ಮಾತ್ರೆಯನ್ನೋ ತಿಂಗಳುಗಟ್ಟಲೆ ನುಂಗಬೇಕು. 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ, ನಿಜ. ಕಳೆದ ಕೂಲಿಯನ್ನು ಯಾರು ಕೊಟ್ಟಾರು? ಮಾತ್ರೆ ನಿಲ್ಲುತ್ತದೆ, ಬೇನೆ ಮರುಕಳಿಸುತ್ತದೆ.

ತಜ್ಞರು ಸಾಲದು, ಕಾಯಿರಿ ಎಂಬ ಉತ್ತರ ಹಳಸಿತು. 1985ರಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಔಷಧಿಗಳಿಂದ ಊರ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ದೇಶವೇ ಅದನ್ನು ಮಾದರಿಯಾಗಿ ಎತ್ತಿಕೊಂಡಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದೇನು? ಮನೋರೋಗಿಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆ ಮುಟ್ಟಿರಲಿಲ್ಲ! 2017ರ ಕಾಯಿದೆಯಂತೂ ಈ ಚಿಕಿತ್ಸೆಯನ್ನು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ.

ಟಿಕೋಟಾ, ಬಬಲೇಶ್ವರಗಳಿಗೆ ತಾಲೂಕಿನ ಫಲಕ ಬಂದಿತು. ಫಲಕ ಬೇನೆ ವಾಸಿಮಾಡದು. ಪ್ರತಿ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡಿರಿ. ಮಾತ್ರೆ ಒಂದು ತಿಂಗಳೂ ತಪ್ಪದಿರಲಿ. ಮಾತ್ರೆ ಬಿಟ್ಟವರ ಮನೆಗೆ ಆಶಾ ಕಾರ್ಯಕರ್ತೆ ಹೋಗಲಿ. ಆ ದುಡಿಮೆಗೆ ತಕ್ಕ ಸಂಬಳ ಅವಳಿಗೆ ಸಿಗಲಿ.

ಬಂಧುಗಳೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿರಿ: ನಮ್ಮ ದವಾಖಾನೆಯಲ್ಲಿ ಆ ಮಾತ್ರೆ ಇದೆಯೋ, ಇಲ್ಲವೋ?